ಬಂಡೆ ಬರೆದ ಸಂದೇಶಗಳು

ಹೊನ್ನಾರೆ ಚಿನ್ನದ ಗಣಿಯ ಬೋರ್ಡಿನಲ್ಲಿ ಎಲ್ಲರಿಗಿಂತ ಹೆಚ್ಚು ಸಂದೇಶ ಬರೆಯುತ್ತಿದ್ದುದು ನೆಲದಡಿಯ ಬಂಡೆ.

ಬೋರ್ಡು ಅಂದರೆ ಕಂಪ್ಯೂಟರಿನೊಳಗಿನ ಬೋರ್ಡು. ತೊಂಬತ್ತರ ದಶಕದ ಮಾತಿದು. ರಾಜ್ಯದ ಮೂಡಣ ಅಂಚಿನ ಆ ಊರಿನಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ನಲ್ಲಿಯ ಮುಂದೆ ಕೊಡ ಇಟ್ಟು ಸರದಿ ಕಾಯುತ್ತಿದ್ದವು. ಗಣಿಯ ಕಚೇರಿ, ಆಸ್ಪತ್ರೆ, ಗಣಿಗೆ ಇಳಿಯುವ ಮೂರು ಶಾಫ್ಟುಗಳ ಬಾಯಿ, ಇಷ್ಟು ಕಡೆಯ ಕಂಪ್ಯೂಟರುಗಳಿಂದ ಟೆಲಿಫೋನ್ ತಂತಿಯ ಮೂಲಕ ಒಂದು ಯಂತ್ರಕ್ಕೆ ಡಯಲ್ ಮಾಡಿ, ಅಲ್ಲಿ ಸಂದೇಶ ಬಿಟ್ಟು, ಬೇರೆಯವರು ಬಿಟ್ಟದ್ದನ್ನು ಓದಿಕೊಳ್ಳಬಹುದಿತ್ತು. ಪಂಪು ಕೆಟ್ಟಿದ್ದು, ಜನರನ್ನು ಇಳಿಸಿ ಹತ್ತಿಸುವ ಕೇಜಿನ ಹಗ್ಗ ಬದಲಿಸಿದ್ದು, ಕ್ಯಾಂಟೀನಿನ ಬೋಂಡಕ್ಕೆ ಉಪ್ಪು ಸಾಲದ್ದು, ಎಲ್ಲವೂ ಇಂಗ್ಲಿಷ್ ಅಕ್ಷರದ ಕನ್ನಡದಲ್ಲೋ ತಮಿಳಿನಲ್ಲೋ ಅಲ್ಲಿಗೆ ಬಂದು ಕೂರುತ್ತಿದ್ದವು.

ಬಂಡೆಗೂ ಅಲ್ಲಿ ಒಂದು ಹೆಸರಿತ್ತು. ಎರಡೂವರೆ ಕಿಲೋಮೀಟರ್ ಆಳದ ಸುರಂಗಗಳ ಗೋಡೆಯಲ್ಲಿ ಹನ್ನೊಂದು ಕಡೆ ಜಿಯೋಫೋನು ಎಂಬ ಸಾಧನ ಹೂತಿದ್ದರು. ಬಂಡೆ ಎಲ್ಲಿ ಚಿಟ್ಟೆಂದರೂ, ಎಲ್ಲಿ ಕೂದಲೆಳೆಯಷ್ಟು ಬಿರಿದರೂ ಅವಕ್ಕೆ ಕೇಳುತ್ತಿತ್ತು. ಅವುಗಳ ಉಸ್ತುವಾರಿಯ ಭೂಕಂಪನ ಕೋಣೆಯವರು ಅವನ್ನು ಕಿವಿ ಎಂದೇ ಕರೆಯುತ್ತಿದ್ದರು. ಯಾವ ಕಿವಿಗೆ, ಹಿಂದಿನ ಸದ್ದಾದ ಎಷ್ಟು ಸೆಕೆಂಡಿಗೆ, ಎಷ್ಟು ಜೋರಾಗಿ ಕೇಳಿತು ಎಂಬ ಮೂರು ಅಂಕಿಗಳ ಒಂದೊಂದು ಸಾಲು 'ಕಲ್ಲು' ಎಂಬ ಹೆಸರಿನಲ್ಲಿ ಬೋರ್ಡಿಗೆ ಬೀಳುತ್ತಿತ್ತು. ದಿನಕ್ಕೆ ಸಾವಿರಾರು ಸಾಲು. ನೋಡಿದವರಿಗೆ ಅದರಲ್ಲಿ ತಲೆಬುಡ ಕಾಣುತ್ತಿರಲಿಲ್ಲ.

ಬೋರ್ಡನ್ನು ನೋಡಿಕೊಳ್ಳುತ್ತಿದ್ದವಳು ರೆಜಿನಾ. ಡ್ರಿಲ್ ಹಿಡಿಯುವವನ ಮಗಳು, ಡಿಪ್ಲೊಮಾ ಓದಿದವಳು, ಒಂಬತ್ತು ವರ್ಷದಿಂದ ಭೂಕಂಪನ ಕೋಣೆಯ ಟೆಕ್ನಿಷಿಯನ್. ಹೆಂಗಸರನ್ನು ಗಣಿಯೊಳಗಿನ ಕೆಲಸಕ್ಕೆ ಇಳಿಸಬಾರದೆಂಬ ಕಾನೂನು ಇದ್ದುದರಿಂದ, ಹಗಲೆಲ್ಲ ಆ ಬಂಡೆಯ ಸದ್ದನ್ನು ಸಂಭಾಳಿಸುತ್ತಿದ್ದ ಅವಳು ಅದನ್ನು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ಗಂಡ ಜಯಶೀಲ ಮಾತ್ರ ದಿನಾ ಕಾಣುತ್ತಿದ್ದ. ಎಂಬತ್ತೆರಡನೆಯ ಲೆವೆಲ್ಲಿನಲ್ಲಿ, ಅಂದರೆ ಮೇಲಿನಿಂದ ಅಷ್ಟನೆಯ ಅಂತಸ್ತಿನಲ್ಲಿ, ಸುರಂಗದ ಚಾವಣಿಗೆ ಮರದ ದಿಮ್ಮಿಗಳ ಆಸರೆ ಕೊಡುವುದು ಅವನ ಕೆಲಸ.

ಯಂತ್ರದ ಡಿಸ್ಕು ಚಿಕ್ಕದು. ಬಂಡೆಯ ಸಾಲುಗಳು ಅದನ್ನು ಬೇಗ ತುಂಬಿಬಿಡುತ್ತಿದ್ದವು. ಸಂದೇಶ ಅಳಿಸಿದರೂ ಜಾಗ ಬಿಡುಗಡೆಯಾಗುತ್ತಿರಲಿಲ್ಲ. ಅಳಿಸಿದ್ದು ಎಂಬ ಗುರುತು ಹೊತ್ತು ಅದು ಅಲ್ಲೇ ಬಿದ್ದಿರುತ್ತಿತ್ತು. ಬೋರ್ಡು ಶುರುವಾದ ಹೊಸತರಲ್ಲೇ ರೆಜಿನಾ ಇದಕ್ಕೊಂದು ಪುಟ್ಟ ಪ್ರೋಗ್ರಾಂ ಬರೆದು 'ಅಡಕ' ಎಂದು ಹೆಸರಿಟ್ಟಿದ್ದಳು. ಅದು ಮಾಡುತ್ತಿದ್ದುದು ಎರಡೇ ಕೆಲಸ. ಅಳಿಸಿದ ಸಂದೇಶಗಳನ್ನು ಎತ್ತಿ ಬಿಸಾಡಿ ಉಳಿದವನ್ನು ಒತ್ತಾಗಿ ಜೋಡಿಸುವುದು ಒಂದು. ಮೇಲಿಂದ ಮೇಲೆ ಬರುವುದನ್ನು ಒಂದೇ ಸಲ ಬರೆದು, ಆಮೇಲೆ ಬರೀ 'ಹಿಂದೆ ಅಲ್ಲಿ ಹೇಳಿದ್ದೇ' ಎಂದು ಬೆರಳು ತೋರಿಸುವುದು ಇನ್ನೊಂದು. ಅವಳ ಅತ್ತೆ ಅರುಳಮ್ಮ ಕಥೆ ಹೇಳುತ್ತಿದ್ದುದೂ ಹಾಗೆಯೇ. ಎರಡನೆಯ ಸಲ ಪೂರ್ತಿ ಹೇಳದೆ, 'ನಮ್ಮಪ್ಪ ಬಾವಿಗೆ ಬಿದ್ದ ದಿನ ಆದಂಗೆ' ಎಂದುಬಿಟ್ಟರೆ ಮನೆಯವರಿಗೆಲ್ಲ ಅರ್ಥವಾಗುತ್ತಿತ್ತು.

ಕೆಲಸ ಮುಗಿದ ಮೇಲೆ ಅಡಕ ಒಂದು ಅಂಕಿ ತೋರಿಸುತ್ತಿತ್ತು: ನೂರು ಪಾಲಿನಲ್ಲಿ ಎಷ್ಟು ಉಳಿಯಿತು ಎಂದು. ಗಣಿಯವರ ಮಾತುಕತೆ ನೂರಕ್ಕೆ ನಲವತ್ತೆಂಟರಷ್ಟಾಗುತ್ತಿತ್ತು. ಮನುಷ್ಯರು ಹೇಳಿದ್ದನ್ನೇ ಹೇಳುವವರು. ಬಂಡೆಯ ಅಂಕಿಯನ್ನು ಅವಳು ಅಪರೂಪಕ್ಕಷ್ಟೇ ಗಮನಿಸುತ್ತಿದ್ದಳು; ನೋಡಿದಾಗಲೆಲ್ಲ ಅದು ಎಂಬತ್ತೆಂಟರ ಆಸುಪಾಸಿನಲ್ಲೇ ಇರುತ್ತಿತ್ತು. ಅರ್ಥವಿಲ್ಲದ ಗದ್ದಲವನ್ನು ಯಾರೂ ಅಡಕ ಮಾಡಲಾರರು, ಅದರಲ್ಲಿ ಮತ್ತೆ ಬರುವಂಥದ್ದು ಏನೂ ಇರುವುದಿಲ್ಲ ಎಂದು ಕೋಣೆಯ ಮುಖ್ಯಸ್ಥ ಡಾಕ್ಟರ್ ಪರಾಂಕುಶಂ ಹೇಳುತ್ತಿದ್ದರು.

ಮಾರ್ಚ್ ತಿಂಗಳ ಒಂದು ಸೋಮವಾರ ಮಧ್ಯಾಹ್ನ ಬಂಡೆಯ ಅಂಕಿ ಅರವತ್ತೊಂದು ಎಂದು ಬಂತು.

ಪ್ರೋಗ್ರಾಂ ಎಲ್ಲೋ ಸಾಲುಗಳನ್ನು ನುಂಗಿರಬೇಕು ಎಂದುಕೊಂಡಳು. ಅಡಕವಾದದ್ದನ್ನು ಮತ್ತೆ ಬಿಡಿಸಿ ಮೂಲದೊಂದಿಗೆ ಹೋಲಿಸಿದಳು. ಒಂದು ಚುಕ್ಕೆಯೂ ಕಳೆದಿರಲಿಲ್ಲ. ಮಂಗಳವಾರ ನಲವತ್ತಮೂರು. ಯಾವುದೋ ಕಿವಿ ಕೆಟ್ಟು ಹೇಳಿದ್ದನ್ನೇ ಹೇಳುತ್ತಿರಬಹುದೆಂದು ಹನ್ನೊಂದು ತಂತಿಗಳನ್ನೂ ಒಂದೊಂದಾಗಿ ಪರೀಕ್ಷಿಸಿದಳು. ಎಲ್ಲವೂ ನೆಟ್ಟಗಿದ್ದವು. ಕೊನೆಗೆ ಕಾಗದದ ಮೇಲೆ ಸಾಲುಗಳನ್ನು ಅಚ್ಚು ಹಾಕಿಸಿ, ಬಣ್ಣದ ಪೆನ್ಸಿಲ್ ಹಿಡಿದು ನೆಲದ ಮೇಲೆ ಕುಳಿತಳು. ಗಂಟೆಗಟ್ಟಲೆ ನೋಡಿದ ಮೇಲೆ ಅದು ಕಣ್ಣಿಗೆ ಬಿತ್ತು. ಮೂರನೆಯ ಕಿವಿ, ಏಳು, ಎಂಟು, ಎರಡು, ಮತ್ತೆ ಏಳು. ಸ್ವಲ್ಪ ಹೊತ್ತಿನ ಮೇಲೆ ಅದೇ ಸರದಿ, ಅವೇ ಬಿಡುವುಗಳು. ಆಮೇಲೆ ಇನ್ನೂ ಬೇಗ. ಬಂಡೆ ಒಂದು ಮಾತನ್ನು ಹಿಡಿದುಕೊಂಡಿತ್ತು. ಗುಂಪಿನ ಗದ್ದಲದ ನಡುವೆ ಯಾರೋ ಒಬ್ಬರು ಒಂದೇ ಹೆಸರನ್ನು ಕೂಗುತ್ತಿದ್ದಾರೆ ಎಂದು ತಟ್ಟನೆ ಗೊತ್ತಾದ ಹಾಗಾಯಿತು ಅವಳಿಗೆ.

ಡಾಕ್ಟರು ಹೈದರಾಬಾದಿಗೆ ಸಮ್ಮೇಳನಕ್ಕೆ ಹೋಗಿದ್ದರು. ಬುಧವಾರ ರೆಜಿನಾ ಒಬ್ಬಳೇ ಬೀರುವಿನಿಂದ ಹಳೆಯ ಫ್ಲಾಪಿಗಳನ್ನು ತೆಗೆದಳು. ಬಂಡೆಯ ಹಳೆಯ ಸಾಲುಗಳನ್ನು ಬಿಸಾಡುವ ಮೊದಲು ಒಂದು ನಕಲು ಇಡು ಎಂದು ಡಾಕ್ಟರು ಏಳು ವರ್ಷದ ಹಿಂದೆ ಹೇಳಿದ್ದರು. ಅಂದಿನಿಂದ ಎಲ್ಲವೂ ಇದ್ದವು. ಆ ಏಳು ವರ್ಷದಲ್ಲಿ ಬಂಡೆ ದೊಡ್ಡದಾಗಿ ಸಿಡಿದದ್ದು ನಾಲ್ಕು ಸಲ. ಆಳದ ಬಂಡೆಯ ಮೇಲೆ ಬೆಟ್ಟದ ಭಾರವೇ ಕೂತಿರುತ್ತದೆ. ಸುರಂಗ ಕೊರೆದಾಗ ಆ ಒತ್ತಡ ದಾರಿ ಹುಡುಕುತ್ತದೆ. ಒಂದು ದಿನ ಗೋಡೆ ಗುಂಡಿನಂತೆ ಸಿಡಿಯುತ್ತದೆ. ಊರಿನ ಮೂರು ಸ್ಮಶಾನಗಳಲ್ಲೂ ಹಾಗೆ ಹೋದವರಿದ್ದರು. ಪ್ರತಿ ಸಿಡಿತಕ್ಕೂ ಹಿಂದಿನ ನಾಲ್ಕೈದು ದಿನಗಳ ಸಾಲುಗಳನ್ನು ಅವಳು ಅಡಕಕ್ಕೆ ಕೊಟ್ಟಳು. ಎಂಬತ್ತೇಳು, ಐವತ್ತೊಂಬತ್ತು, ನಲವತ್ತು, ಇಪ್ಪತ್ತೆರಡು, ಸಿಡಿತ. ಎರಡನೆಯದೂ ಹಾಗೆಯೇ. ಮೂರನೆಯದೂ. ನಾಲ್ಕನೆಯದು ಯಾವ ಸೂಚನೆಯನ್ನೂ ಕೊಡದೆ ಬಂದಿತ್ತು. ಸಿಡಿತವಿಲ್ಲದ ದಿನಗಳನ್ನೂ ಕೊಟ್ಟು ನೋಡಿದಾಗ, ಒಂದು ಸಲ ಅಂಕಿ ಮೂವತ್ತಕ್ಕೆ ಇಳಿದು, ಏನೂ ಆಗದೆ ಮತ್ತೆ ಮೇಲೇರಿತ್ತು.

ಅಂದು ಸಂಜೆ ಬಂಡೆಯ ಅಂಕಿ ಇಪ್ಪತ್ತೊಂಬತ್ತು.

ಮರುದಿನ ಬೆಳಗಿನ ಪಾಳಿಗೆ ಹೊರಡುತ್ತಿದ್ದ ಜಯಶೀಲನಿಗೆ ಅವಳು ಅಡುಗೆಮನೆಯಲ್ಲಿ ನಿಂತೇ ವಿಷಯ ಹೇಳಿದಳು. ಅಂಕಿಗಳನ್ನು, ಹಳೆಯ ಸಿಡಿತಗಳನ್ನು, ಲೆಕ್ಕ ತಪ್ಪಿದ ಎರಡು ಸಲಗಳನ್ನೂ ಮುಚ್ಚಿಡದೆ ಹೇಳಿದಳು. ಅವನು ಕೇಳುತ್ತಲೇ ತಟ್ಟೆಯಲ್ಲಿದ್ದ ಚಿತ್ರಾನ್ನ ಮುಗಿಸಿದ. ಇವತ್ತೊಂದು ದಿನ ಹೋಗಬೇಡಿ ಎಂದು ಅವಳು ಕೇಳಿಕೊಂಡಳು.

"ನಾನೊಬ್ಬ ಮನೇಲಿ ಕೂತು, ನಾಳೆ ಅವರ ಮನೆಯೋರ ಮುಖ ಹೆಂಗೆ ನೋಡ್ಲಿ?" ಎಂದ ಅವನು, ಕೈ ತೊಳೆಯುತ್ತ. "ನಿಂಗೆ ಅಷ್ಟು ಖಾತ್ರಿ ಇದ್ರೆ ಎಲ್ರಿಗೂ ಹೇಳು ರೆಜಿ. ಖಾತ್ರಿ ಇಲ್ದಿದ್ರೆ ನಂಗೂ ಹೇಳ್ಬೇಡ."

ಅವನು ಹೋದ. ಗಣಿ ಕಾರ್ಮಿಕರ ಲೈನು ಮನೆಗಳ ಬೀದಿಯ ತುದಿಯಲ್ಲಿ ಅವನ ಹೆಲ್ಮೆಟ್ಟು ಉಳಿದ ಹೆಲ್ಮೆಟ್ಟುಗಳ ಜೊತೆ ಬೆರೆತು ಯಾವುದು ಎಂದು ತಿಳಿಯದಾಯಿತು. ಖಾತ್ರಿ ಇದೆಯೇ ಎಂದು ತನ್ನನ್ನು ತಾನೇ ಕೇಳಿಕೊಂಡಳು. ಇರಲಿಲ್ಲ. ಆದರೂ ಸೀರೆ ಸರಿಪಡಿಸಿಕೊಂಡು ಆಫೀಸಿಗೆ ನಡೆದಳು.

ಅಂಕಿ ಇಪ್ಪತ್ತಕ್ಕೆ ಬಂದಿತ್ತು. ಹೈದರಾಬಾದಿಗೆ ಟ್ರಂಕ್ ಕಾಲ್ ಮಾಡಿದಳು. ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡರು. ಫೈಲು ಎಷ್ಟು ಕುಗ್ಗಿತು ಎಂಬುದನ್ನು ಯಾವ ಪುಸ್ತಕವೂ ಮುನ್ಸೂಚನೆ ಎಂದು ಒಪ್ಪುವುದಿಲ್ಲ, ತಾನೂ ಅದಕ್ಕೆ ಸಹಿ ಹಾಕಲಾರೆ ಎಂದರು.  ಆದರೆ ಫೋನು ಇಡಲಿಲ್ಲ. ಕೊನೆಗೆ, ಮ್ಯಾನೇಜರಿಗೆ ತೋರಿಸು, ನನ್ನ ಕಾಯಬೇಡ ಎಂದರು.

ಗಣಿಯ ಮ್ಯಾನೇಜರು ಉತ್ತಯ್ಯ ಕೊಡಗಿನವರು, ಮಿತಭಾಷಿ, ಮೂವತ್ತು ವರ್ಷ ಗಣಿಯೊಳಗೆ ಇಳಿದು ಹತ್ತಿದವರು. ರೆಜಿನಾ ಹೇಳಿದ್ದನ್ನು ಕೇಳಿ ಅವರು ನಗಲಿಲ್ಲ, ಒಪ್ಪಲೂ ಇಲ್ಲ. ಎದ್ದು ಭೂಕಂಪನ ಕೋಣೆಗೆ ಬಂದು, ಯಂತ್ರದ ಮುಂದೆ ಕುರ್ಚಿ ಎಳೆದುಕೊಂಡು ಕುಳಿತರು. ತಮ್ಮ ಮುಂದೆಯೇ ಮಾಡಿ ತೋರಿಸು ಎಂದರು. ಮೊದಲು ಮನುಷ್ಯರ ಮಾತುಕತೆಯನ್ನು ಅಡಕ ಮಾಡಿಸಿದರು: ನಲವತ್ತೆಂಟು. ಬಂಡೆಯದನ್ನು ಮಾಡಿಸಿದರು: ಹದಿನೆಂಟು. ಹತ್ತು ನಿಮಿಷ ಬಿಟ್ಟು ಮತ್ತೆ: ಹದಿನೇಳು.

"ಕೆಳಗೆ ಎಷ್ಟು ಜನ ಇದ್ದಾರೆ ಗೊತ್ತಾ ನಿಮಗೆ?" ಎಂದು ಕೇಳಿದರು.

"ಇನ್ನೂರ ಹನ್ನೆರಡು, ಸಾರ್."

"ನಿಮ್ಮೋರು?"

"ನಮ್ಮೆಜಮಾನರೂ ಇದಾರೆ. ಎಂಬತ್ತೆರಡರಲ್ಲಿ."

ಉತ್ತಯ್ಯ ಅವಳ ಮುಖವನ್ನೇ ನೋಡಿದರು. ಗಂಡನನ್ನು ಕೆಳಗೆ ಕಳಿಸಿ ಬಂದು ಈ ಮಾತು ಹೇಳುತ್ತಿದ್ದಾಳೆ ಎಂಬುದನ್ನು ತೂಗಿ ನೋಡಿದರೋ ಏನೋ. ಫೋನೆತ್ತಿ ಮೂರು ಶಾಫ್ಟಿಗೂ ಒಂದೇ ಮಾತು ಹೇಳಿದರು: ಎಲ್ಲರನ್ನೂ ಮೇಲೆ ತನ್ನಿ, ಕಾರಣ ಆಮೇಲೆ.

ಕೇಜುಗಳು ಒಂದೂವರೆ ಗಂಟೆ ಹೊತ್ತು ಇಳಿದು ಹತ್ತಿದವು. ಎರಡನೆಯ ಶಾಫ್ಟಿನ ಬಾಯಲ್ಲಿ ಜನ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಚಹಾ ಕುಡಿಯುತ್ತ, ಯಾರಿಗೆ ಏನಾಯಿತು ಎಂದು ಒಬ್ಬರನ್ನೊಬ್ಬರು ಕೇಳುತ್ತ ನಿಂತರು. ಯಾರಿಗೂ ಏನೂ ಆಗಿರಲಿಲ್ಲ. ಹತ್ತೂವರೆಗೆ ಕೊನೆಯವನೂ ಮೇಲೆ ಬಂದ. ಹನ್ನೊಂದಾಯಿತು. ಯೂನಿಯನ್ನಿನವರು ಬಂದು ಏನು ವಿಷಯ ಎಂದು ಕೇಳಿ ಹೋದರು. ಯಾವ ಹುಚ್ಚರ ಮಾತು ಕೇಳಿ ಪಾಳಿ ನಿಲ್ಲಿಸಿದ್ದು ಎಂದು ಬೋರ್ಡಿನಲ್ಲಿ ಯಾರೋ ಬರೆದರು. ರೆಜಿನಾ ಅದನ್ನು ಓದಿದಳು. ತಪ್ಪಾಗಿದ್ದರೆ ಆ ಪ್ರಶ್ನೆಗೆ ಜೀವಮಾನವಿಡೀ ಉತ್ತರ ಕೊಡಬೇಕಾಗುತ್ತಿತ್ತು. ತನ್ನ ಲೆಕ್ಕ ತಪ್ಪೇ ಆಗಲಿ ಎಂದು ಒಂದು ಗಳಿಗೆ ಹಾರೈಸಿದಳು ಕೂಡ.

ಹನ್ನೊಂದೂವರೆಗೆ ಅಂಕಿ ಒಂಬತ್ತು. ಸಾಲುಗಳು ಎಷ್ಟು ಬೇಗ ಬರುತ್ತಿದ್ದವೆಂದರೆ ಪರದೆ ಹರಿಯುವ ನೀರಿನಂತೆ ಕಾಣುತ್ತಿತ್ತು. ಮೂರು, ಏಳು, ಎಂಟು, ಎರಡು, ಏಳು. ಹನ್ನೆರಡಕ್ಕೆ ಅಂಕಿ ನಾಲ್ಕಾಯಿತು. ಆಮೇಲೆ ಒಂದು. ಆ ಗಂಟೆಯಲ್ಲಿ ಬಂಡೆ ಬರೆದ ಎಂಟು ಸಾವಿರ ಸಾಲುಗಳೂ ಒಂದೇ ಮಾತಾಗಿ, ಅಂಗೈಯಲ್ಲಿ ಹಿಡಿಸುವಷ್ಟಾಗಿ ಪರದೆಯ ಮೇಲೆ ಕುಳಿತಿದ್ದವು. ಉತ್ತಯ್ಯ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಆಮೇಲೆ ಪರದೆ ನಿಂತಿತು.

ಹನ್ನೊಂದೂ ಕಿವಿಗಳು ಸುಮ್ಮನಾಗಿದ್ದವು. ಒಂಬತ್ತು ವರ್ಷದಲ್ಲಿ ಒಂದು ನಿಮಿಷವೂ ಬಾಯಿ ಮುಚ್ಚದ ಬಂಡೆ ಈಗ ಏನೂ ಹೇಳುತ್ತಿರಲಿಲ್ಲ. ತಂತಿ ಕಡಿದಿದೆಯೇ ಎಂದು ರೆಜಿನಾ ನೋಡಿದಳು. ತಂತಿ ಸರಿಯಾಗಿಯೇ ಇತ್ತು. ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ. ಅಷ್ಟು ಆಳದ, ಅಷ್ಟು ಅಗಲದ ಮೌನವನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಎಲ್ಲಿ ಉಸಿರಾಡಿದರೆ ಅದು ಕದಡೀತೋ ಎಂಬಂತೆ ಇಬ್ಬರೂ ಕುಳಿತಿದ್ದರು. ಏಳು ನಿಮಿಷ ಹಾಗೆಯೇ ಹೋಯಿತು.

ಹನ್ನೆರಡೂ ಇಪ್ಪತ್ತಕ್ಕೆ ನೆಲ ಒಮ್ಮೆ ಮೇಲೆದ್ದು ಕೂತಿತು. ಬೀರುವಿನ ಬಾಗಿಲು ತೆರೆದು ಫ್ಲಾಪಿಗಳು ಚೆಲ್ಲಾಪಿಲ್ಲಿಯಾದವು. ದೂರದಲ್ಲಿ ಲೈನು ಮನೆಗಳ ಪಾತ್ರೆಗಳೆಲ್ಲ ಒಟ್ಟಿಗೆ ಬಿದ್ದ ಸದ್ದು ಕೇಳಿತು. ಶಾಫ್ಟಿನ ಬಾಯಿಂದ ಕೆಂಪು ಧೂಳಿನ ಕಂಬ ಎದ್ದು ಬಿಸಿಲಿನಲ್ಲಿ ಬಹಳ ಹೊತ್ತು ನಿಂತಿತ್ತು.

ಬೋರ್ಡಿಗೆ ಬಂದ ಮೊದಲ ಸಂದೇಶ ಎರಡನೆಯ ಶಾಫ್ಟಿನಿಂದ. 'ಎಲ್ಲಾರೂ ಮೇಲೇ ಇದೀವಿ.' ಅಷ್ಟೇ. ಹೆಸರಿರಲಿಲ್ಲ. ರೆಜಿನಾ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಉತ್ತಯ್ಯ ಹೊರಗೆ ಹೋಗಿ ನಿಂತರು.

ಮೂರು ದಿನದ ನಂತರ ತಪಾಸಣೆಯ ತಂಡದೊಂದಿಗೆ ಜಯಶೀಲ ಕೆಳಗಿಳಿದು ಬಂದ. ತಾನು ನಿಲ್ಲಿಸಿದ್ದ ದಿಮ್ಮಿಗಳು ಎಲ್ಲಿ ಹೋದವೋ ಗೊತ್ತಾಗಲಿಲ್ಲ ಎಂದ. ಎಂಬತ್ತೆರಡರಲ್ಲಿ ಮುನ್ನೂರು ಮೀಟರ್ ಸುರಂಗ ಇರಲೇ ಇಲ್ಲ. ಕುಸಿದ ಕಲ್ಲಿನ ರಾಶಿಯೂ ಅಲ್ಲ. ಅಲ್ಲಿ ಮನುಷ್ಯರು ಎಂದೂ ಕಾಲಿಟ್ಟೇ ಇಲ್ಲವೇನೋ ಎಂಬಂತೆ ನುಣ್ಣಗೆ ಮುಚ್ಚಿಕೊಂಡ ಗೋಡೆ. ಅವನು ಅದಕ್ಕೆ ಕೈ ಒತ್ತಿ ನೋಡಿದ್ದನಂತೆ. ಬೆಚ್ಚಗಿತ್ತಂತೆ.

ಡಾಕ್ಟರ್ ಪರಾಂಕುಶಂ ಬಂದವರೇ ರೆಜಿನಾಳನ್ನು ಹೊಗಳುವ ಮೊದಲು ಅವಳ ಲೆಕ್ಕವನ್ನು ಕೆಡವಲು ನೋಡಿದರು. ಅದು ಅವರ ಗೌರವ ಕೊಡುವ ರೀತಿ. ಆ ವಾರದ ಸಾಲುಗಳನ್ನು ಇಸ್ಪೀಟಿನ ಎಲೆ ಕಲಸಿದ ಹಾಗೆ ಕಲಸಿ ಅಡಕಕ್ಕೆ ಕೊಡಿಸಿದರು. ಅಂಕಿ ತೊಂಬತ್ತೊಂದಕ್ಕೆ ಏರಿತು. ಕ್ರಮ ಕೆಡಿಸಿದೊಡನೆ ಮಾತು ಸತ್ತಿತ್ತು. ಹಾಗಾದರೆ ಕ್ರಮ ಬಂಡೆಯದೇ. ಅವರು ಗಲ್ಲ ಉಜ್ಜಿಕೊಳ್ಳುತ್ತ ಒಂದು ಪ್ರಶ್ನೆ ಕೇಳಿದರು: ಅಡಕಕ್ಕೆ ಎಷ್ಟು ಹಿಂದಿನದು ನೆನಪಿರುತ್ತದೆ?

ನಾಲ್ಕು ಸಾವಿರ ಸಾಲು, ಎಂದಳು ರೆಜಿನಾ. ಯಂತ್ರದ ನೆನಪು ಕಮ್ಮಿ. ಅದಕ್ಕಿಂತ ಹಿಂದಿನದನ್ನು ಮರೆಯುವಂತೆ ಅವಳೇ ಬರೆದಿದ್ದಳು. ಹಾಗಾಗಿ ಒಂದು ಮಾತು ನಾಲ್ಕು ಸಾವಿರ ಸಾಲಿಗಿಂತ ಉದ್ದವಾಗಿದ್ದರೆ ಅದು ಮರಳಿ ಬಂದರೂ ಅಡಕಕ್ಕೆ ಗುರುತು ಸಿಗುವಂತಿರಲಿಲ್ಲ.

"ಮರೆಯದ ಹಾಗೆ ಬರೀತೀಯೇನಮ್ಮ?" ಎಂದರು ಡಾಕ್ಟರು.

ಅವಳು ಎರಡು ವಾರ ಕುಳಿತು ಬರೆದಳು. ಉತ್ತಯ್ಯ ಕಚೇರಿಯ ಹೊಸ ಯಂತ್ರವನ್ನು ಬಿಟ್ಟುಕೊಟ್ಟರು. ಏಳು ವರ್ಷದ ಫ್ಲಾಪಿಗಳನ್ನು ಒಂದಾದ ಮೇಲೊಂದು ತುಂಬಿದರು. ಈ ಸಲ ದಿನ ದಿನಕ್ಕೆ ತುಂಡು ಮಾಡದೆ, ಸಿಡಿತದ ದಿನಗಳು ಸಪ್ಪೆ ದಿನಗಳು ಎಂದು ಬೇರೆ ಮಾಡದೆ, ಎಲ್ಲವನ್ನೂ ಒಂದೇ ಹಾಳೆಯಂತೆ ಹಾಸಿದರು. ಯಂತ್ರ ನಾಲ್ಕು ದಿನ ಓಡಿತು. ಐದನೆಯ ದಿನ, ಶನಿವಾರ ಬೆಳಗ್ಗೆ ಹತ್ತರ ಸುಮಾರಿಗೆ ನಿಂತಿತು.

ಹನ್ನೊಂದು.

ರೆಜಿನಾ ಮೊದಲು ನಂಬಲಿಲ್ಲ. ಬಿಡಿಸಿ ಹೋಲಿಸಿದಳು, ಪೂರ್ತಿ ಸರಿಯಿತ್ತು. ಒಂದೊಂದೇ ದಿನವನ್ನು ತೆಗೆದರೆ ಎಂಬತ್ತೆಂಟು. ಏಳು ವರ್ಷವನ್ನು ಒಟ್ಟಿಗೆ ತೆಗೆದರೆ ಹನ್ನೊಂದು. ಯಾವ ದಿನಗಳನ್ನು ಅರ್ಥವಿಲ್ಲದ ಗದ್ದಲವೆಂದು ಬದಿಗಿಟ್ಟಿದ್ದರೋ ಅವೆಲ್ಲ ಒಂದೇ ಉದ್ದನೆಯ ಮಾತಿನ ನಡುವಿನ ಅಕ್ಷರಗಳಾಗಿದ್ದವು. ಐದು ವರ್ಷ ಹಿಂದೆ ಆಷಾಢದಲ್ಲಿ ಶುರುವಾದ ಒಂದು ಸರದಿ ಎರಡು ವರ್ಷ ಬಿಟ್ಟು ಮಾಘದಲ್ಲಿ ಮುಂದುವರಿದಿತ್ತು. ಸಿಡಿತಗಳು ಆ ಮಾತಿನಲ್ಲಿ ಬರೀ ಅಲ್ಪವಿರಾಮಗಳು. ಸೂಚನೆಯಿಲ್ಲದೆ ಬಂದಿತ್ತು ಎಂದುಕೊಂಡಿದ್ದ ಆ ನಾಲ್ಕನೆಯದೂ ತನ್ನ ಜಾಗದಲ್ಲೇ ಕುಳಿತಿತ್ತು. ಅದಕ್ಕೆ ಮುನ್ನುಡಿ ನಾಲ್ಕು ದಿನದಲ್ಲಿ ಇರಲಿಲ್ಲ, ಹದಿನಾಲ್ಕು ತಿಂಗಳಲ್ಲಿ ಇತ್ತು.

ಏಳು ವರ್ಷದ ಆಚೆಗೆ ಹೋಗಲು ದಾರಿಯಿರಲಿಲ್ಲ. ಅದಕ್ಕೂ ಹಿಂದಿನ ಎರಡು ವರ್ಷದ ಸಾಲುಗಳನ್ನು ರೆಜಿನಾ ತಾನೇ ಬರೆದ ಅಡಕ ಜಾಗ ಬೇಕೆಂದು ಬಿಸಾಡಿತ್ತು. ಅವಳು ಅದನ್ನು ಡಾಕ್ಟರಿಗೆ ಹೇಳಿದಳು. ಅವರು ಬೈಯಲಿಲ್ಲ. ಈ ಮಾತು ಶುರುವಾಗಿ ಎಷ್ಟು ಕಾಲವಾಯಿತೋ, ನಾವು ಕೇಳಿಸಿಕೊಂಡದ್ದು ಒಂದು ಉಸಿರಿನಷ್ಟೂ ಇಲ್ಲ ಎಂದರು. ಅರವತ್ತು ದಾಟಿದ ಆ ಮನುಷ್ಯ ಹಾಗೆ ಹೇಳುವಾಗ ಶಾಲೆಯ ಹುಡುಗನಂತೆ ಕಾಣುತ್ತಿದ್ದರು.

ಗಣಿಯ ಉಳಿದ ಲೆವೆಲ್ಲುಗಳಲ್ಲಿ ಕೆಲಸ ಮತ್ತೆ ಶುರುವಾಗಿತ್ತು. ಅಂದು ಮಧ್ಯಾಹ್ನ ಮನೆಯಲ್ಲಿ ರೆಜಿನಾ ಇದನ್ನು ಗಂಡನಿಗೂ ಅತ್ತೆಗೂ ವಿವರಿಸಿದಳು. ಅದು ಏನು ಹೇಳುತ್ತಿದೆ ಎಂದು ಜಯಶೀಲ ಕೇಳಿದ. ಗೊತ್ತಿಲ್ಲ ಎಂದಳು. ಅದು ನಮಗೆ ಹೇಳುತ್ತಿರುವ ಮಾತೆಂದು ಅನ್ನಿಸುವುದಿಲ್ಲ; ಭಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗುವ ರೀತಿ ಇರಬಹುದು, ಬೆಟ್ಟ ತನ್ನ ಮೈ ತಾನು ಸರಿಮಾಡಿಕೊಳ್ಳುವ ರೀತಿ ಇರಬಹುದು ಎಂದಳು.

ಅರುಳಮ್ಮ ಬಾಗಿಲ ಬಳಿ ಕುಳಿತು ಕೇಳುತ್ತಿದ್ದರು. ಅವರ ಗಂಡ ಇಪ್ಪತ್ತಾರು ವರ್ಷದ ಹಿಂದೆ ಅರವತ್ತನೆಯ ಲೆವೆಲ್ಲಿನಲ್ಲಿ ಬಂಡೆ ಸಿಡಿದಾಗ ಹೋದವರು. ದೇಹ ಸಿಕ್ಕಿರಲಿಲ್ಲ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

"ಅವರು ಹೋದ ದಿನದ್ದೂ ಅದರಲ್ಲಿ ಸೇರಿದ್ಯಾಮ್ಮ?" ಎಂದು ಕೇಳಿದರು.

"ಆಗ ಬರೆದಿಟ್ಟೋರು ಯಾರೂ ಇರ್ಲಿಲ್ಲ ಅತ್ತೆ. ಆದರೆ ಸೇರಿರ್ಬೇಕು. ಈ ಊರು ಹುಟ್ಟೋಕೆ ಮುಂಚಿಂದ ನಡೀತಿರೋದು ಇದು."

ಅರುಳಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು.

"ಹಂಗಾದ್ರೆ ಬೇಕಂತ ಮಾಡಿದ್ದಲ್ಲ ಅದು," ಎಂದರು. "ಅದರ ಪಾಡಿಗೆ ಅದು ಹೇಳ್ಕೊಂಡು ಹೋಗ್ತಿತ್ತು. ನಾವು ನಡುವೆ ಹೋದ್ವಿ."

ಎರಡನೆಯ ಪಾಳಿಯ ಸೈರನ್ ಆಯಿತು. ಜಯಶೀಲ ಎದ್ದು ಬೂಟಿನ ದಾರ ಕಟ್ಟಿಕೊಳ್ಳತೊಡಗಿದ.